ಬರ್ಕ್‌ಶೈರ್ ಬೆಟ್ಟಗಳಲ್ಲಿ ಒಬ್ಬ ವಕೀಲನ ಮನೆತನ

ಮೊದಲ ದಿನ: ವೆಸ್ಟ್ ಹಾರ್ಟ್‌ಫರ್ಡ್‌ನಿಂದ ಲಿಚ್‌ಫೀಲ್ಡ್

ಅಮೆರಿಕಕ್ಕೆ ಹೋದವರು ನಯಾಗರ ನೋಡುತ್ತಾರೆ, ನ್ಯೂಯಾರ್ಕ್ ನೋಡುತ್ತಾರೆ. ನಾನೂ ನೋಡಿದ್ದೆ. ಈ ಸಲ ಮಗಳಿಗೆ ಮೊದಲೇ ಹೇಳಿಬಿಟ್ಟೆ, ನನಗೆ ಒಬ್ಬ ವಕೀಲನ ಊರುಗಳನ್ನು ತೋರಿಸು ಅಂತ. ಶಿವಮೊಗ್ಗದಲ್ಲಿ ಸಿವಿಲ್ ದಾವೆಗಳಲ್ಲೇ ತಲೆ ಬೆಳ್ಳಗಾದವಳು ನಾನು. ಬೇರೆ ಏನು ಕೇಳಲಿ? "ಅಮ್ಮಾ, ರಜದಲ್ಲೂ ಕೋರ್ಟಾ?" ಅಂದಳು. ಆದರೂ ಕಾರು ತೆಗೆದಳು.

ಆ ವಕೀಲ ಥಿಯೋಡೋರ್ ಸೆಡ್ಜ್‌ವಿಕ್. ಮಗಳಿರುವ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲೇ 1746ರ ಮೇ 9ರಂದು ಹುಟ್ಟಿದವನು. ಆಗ ಅದು ಹಾರ್ಟ್‌ಫರ್ಡ್ ಪಟ್ಟಣದ ಪಶ್ಚಿಮದ ಹೋಬಳಿ ಅಷ್ಟೇ. ಚಿಕ್ಕ ವಯಸ್ಸಿನಲ್ಲೇ ತಂದೆ ಹೋದರು. ಅಣ್ಣ ಜಾನ್ ದುಡಿದು ಯೇಲ್ ಕಾಲೇಜಿಗೆ ಕಳಿಸಿದ. ಹುಡುಗ ಪದವಿ ಮುಗಿಸದೆ ಹೊರಬಿದ್ದ. ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನ ಮಾರ್ಕ್ ಹಾಪ್ಕಿನ್ಸ್ ಎಂಬ ವಕೀಲರ ಕೈಕೆಳಗೆ ಕಾನೂನು ಕಲಿತು, 1766ರಲ್ಲಿ ಸನ್ನದು ಪಡೆದ. ಆಗ ಅವನಿಗೆ ಇಪ್ಪತ್ತರ ಆಸುಪಾಸು. ಮುಂದೆ ಮ್ಯಾಸಚೂಸೆಟ್ಸ್ ಶಾಸನಸಭೆ, ಅಮೆರಿಕದ ಕಾಂಗ್ರೆಸ್ಸು, ಸೆನೆಟ್ಟು, ಆಮೇಲೆ 1799ರಿಂದ 1801ರವರೆಗೆ ಕಾಂಗ್ರೆಸ್ಸಿನ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನ ಸ್ಪೀಕರ್. ರಾಜಧಾನಿ ವಾಷಿಂಗ್ಟನ್‌ಗೆ ಬಂದ ಮೇಲೆ ಆ ಪೀಠದಲ್ಲಿ ಕೂತ ಮೊದಲಿಗ ಈತನೇ.

ಇಷ್ಟೆಲ್ಲ ಆಗಿಯೂ ಇವತ್ತು ಆತನ ಹೆಸರು ಹೇಳುವವರು ಹೇಳುವುದು ಒಂದೇ ಕೇಸಿನಿಂದ. ಆ ಕೇಸಿನ ಕಕ್ಷಿದಾರಳು ಓದು ಬರಹ ಬಾರದ ಒಬ್ಬ ಗುಲಾಮಳು. ನನಗೆ ಬೇಕಾಗಿದ್ದದ್ದು ಅದೇ.

ಮೊದಲ ದಿನ ದೂರ ಹೋಗಲಿಲ್ಲ. ಪಶ್ಚಿಮಕ್ಕೆ ಒಂದು ಗಂಟೆ ಹಾದಿಯಲ್ಲಿ ಲಿಚ್‌ಫೀಲ್ಡ್ ಇದೆ. ಬಿಳಿ ಬಣ್ಣದ ಮರದ ಮನೆಗಳು, ದೊಡ್ಡ ಹಸಿರು ಮೈದಾನ, ಸ್ವಲ್ಪ ಜಾಸ್ತಿಯೇ ಚೊಕ್ಕಟ. ಸೆಡ್ಜ್‌ವಿಕ್ ಜೊತೆಗೆ ಆ ಕೇಸು ನಡೆಸಿದ ಟ್ಯಾಪಿಂಗ್ ರೀವ್ ಇಲ್ಲಿಯವನು. ರೀವ್ ತನ್ನ ಮನೆಯ ಪಡಸಾಲೆಯಲ್ಲೇ ಹುಡುಗರಿಗೆ ಕಾನೂನು ಹೇಳಿಕೊಡಲು ಶುರು ಮಾಡಿದ. ಹುಡುಗರು ಹೆಚ್ಚಾದಾಗ, 1784ರಲ್ಲಿ, ಪಕ್ಕದಲ್ಲೇ ಒಂದೇ ಕೋಣೆಯ ಪುಟ್ಟ ಕಟ್ಟಡ ಕಟ್ಟಿಸಿದ. ಅದು ಈಗಲೂ ಇದೆ. ನಮ್ಮ ತಾಲ್ಲೂಕು ಕೋರ್ಟಿನ ಬಾರ್ ರೂಮ್ ಅದಕ್ಕಿಂತ ದೊಡ್ಡದು. ಆ ಒಂದು ಕೋಣೆಯಿಂದ 1833ರಲ್ಲಿ ಶಾಲೆ ಮುಚ್ಚುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜನ ಕಲಿತು ಹೋಗಿದ್ದರು. ಅವರಲ್ಲಿ ಜಾನ್ ಕ್ಯಾಲ್‌ಹೂನ್ ಕೂಡ ಒಬ್ಬ. ಗುಲಾಮಗಿರಿ ಒಳ್ಳೆಯದೇ ಎಂದು ಮುಂದೆ ಸೆನೆಟ್ಟಿನಲ್ಲಿ ಗಂಟಲು ಹರಿದುಕೊಂಡವನು! ಗುರು ಬಿಡುಗಡೆ ಮಾಡಿಸಿದ, ಶಿಷ್ಯ ಬೇಡಿ ಬಿಗಿ ಮಾಡಿದ.

ರೀವ್‌ನ ಹೆಂಡತಿ ಸ್ಯಾಲಿ, ಏರನ್ ಬರ್‌ನ ಅಕ್ಕ. 1801ರಲ್ಲಿ ಅಧ್ಯಕ್ಷ ಪದವಿಗೆ ಜೆಫರ್ಸನ್‌ಗೂ ಬರ್‌ಗೂ ಸಮ ಮತ ಬಿದ್ದು, ಹೌಸ್‌ನಲ್ಲಿ 36 ಸಲ ಮತ ಹಾಕಬೇಕಾಗಿ ಬಂತಲ್ಲ, ಆಗ ಸ್ಪೀಕರ್ ಪೀಠದಲ್ಲಿ ಕೂತಿದ್ದವನು ನಮ್ಮ ಸೆಡ್ಜ್‌ವಿಕ್. ಆತನ ಒಲವು ಬರ್ ಕಡೆಗೆ. ಅಲ್ಲಿನ ದೊಡ್ಡ ಮನೆತನಗಳೂ ಹೀಗೇ, ಎಲ್ಲಿ ಎಳೆದರೂ ನಂಟು ಬರುತ್ತದೆ.

ಎರಡನೆಯ ದಿನ: ಶೆಫೀಲ್ಡ್

ಬೆಳಿಗ್ಗೆ ಉತ್ತರಕ್ಕೆ ಹೊರಟೆವು. ದಾರಿಯಲ್ಲಿ ಕಾರ್ನ್‌ವಾಲ್ ಹಾಲೋ ಎಂಬಲ್ಲಿ ಒಂದು ಸ್ಮಾರಕ, ಪಕ್ಕದಲ್ಲಿ ಫಿರಂಗಿ. ಓದಿಸಿದ ಅಣ್ಣ ಜಾನ್ ಇದ್ದನಲ್ಲ, ಅವನ ಮೊಮ್ಮಗನದು. ಜನರಲ್ ಜಾನ್ ಸೆಡ್ಜ್‌ವಿಕ್, ಅಂತರ್ಯುದ್ಧದಲ್ಲಿ 1864ರಲ್ಲಿ ಸತ್ತ. ಇಷ್ಟು ದೂರದಿಂದ ಶತ್ರುಗಳು ಆನೆಗೂ ಗುರಿ ಇಡಲಾರರು ಎಂದು ಸೈನಿಕರಿಗೆ ಧೈರ್ಯ ಹೇಳಿ, ಆಮೇಲೆ ಗುಂಡು ತಗುಲಿಸಿಕೊಂಡವನು ಈತನೇ. ಮಗಳಿಗೆ ಈ ಕಥೆ ಬಹಳ ಹಿಡಿಸಿತು. ಇಡೀ ಪ್ರವಾಸದಲ್ಲಿ ಅವಳು ತನ್ನ ಗಂಡನಿಗೆ ಫೋನ್ ಮಾಡಿ ಹೇಳಿದ್ದು ಇದೊಂದನ್ನೇ.

ಗಡಿ ದಾಟಿದರೆ ಮ್ಯಾಸಚೂಸೆಟ್ಸ್. ಬರ್ಕ್‌ಶೈರ್ ಬೆಟ್ಟಸಾಲು, ಕೆಳಗೆ ಹೂಸಟಾನಿಕ್ ನದಿ. ಆಶ್ಲಿ ಫಾಲ್ಸ್ ಎಂಬ ಹಳ್ಳಿಯ ಅಂಚಿನಲ್ಲಿ ಕರ್ನಲ್ ಜಾನ್ ಆಶ್ಲಿಯ ಮನೆ. 1735ರಲ್ಲಿ ಕಟ್ಟಿದ ಮರದ ಮನೆ. ಈಗ ಒಂದು ಟ್ರಸ್ಟಿನ ಕೈಲಿದೆ. ಆಶ್ಲಿ ಸಾವಿರಾರು ಎಕರೆಯ ಜಮೀನ್ದಾರ. ಯೇಲ್‌ನಲ್ಲಿ ಓದಿದವನು, ಜಿಲ್ಲೆಯ ಕಾಮನ್ ಪ್ಲೀಸ್ ಕೋರ್ಟಿನ ನ್ಯಾಯಾಧೀಶ ಬೇರೆ.

ಮಹಡಿ ಮೇಲೆ ಮರದ ಹಲಗೆ ಹೊದಿಸಿದ ಒಂದು ಕೋಣೆ ಇದೆ. 1773ರ ಜನವರಿಯಲ್ಲಿ ಊರಿನ ಹನ್ನೊಂದು ಮಂದಿ ಅಲ್ಲಿ ಕೂತು ಬ್ರಿಟಿಷ್ ಸರ್ಕಾರದ ವಿರುದ್ಧ ಒಂದು ನಿರ್ಣಯ ಬರೆದರು. ಶೆಫೀಲ್ಡ್ ನಿರ್ಣಯ ಅಂತಲೇ ಹೆಸರು. ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು, ಸ್ವತಂತ್ರರು ಎನ್ನುವ ಮಾತು ಅದರ ಮೊದಲ ಸಾಲಿನಲ್ಲೇ ಇದೆ. ಜೆಫರ್ಸನ್ ಸ್ವಾತಂತ್ರ್ಯ ಘೋಷಣೆ ಬರೆಯುವುದಕ್ಕೆ ಮೂರು ವರ್ಷ ಮೊದಲು. ಸಮಿತಿಗೆ ಅಧ್ಯಕ್ಷ 26 ವರ್ಷದ ವಕೀಲ ಸೆಡ್ಜ್‌ವಿಕ್.

ಅದೇ ಮನೆಯಲ್ಲಿ ಬೆಟ್ ಎಂಬ ಹೆಂಗಸು ಗುಲಾಮಳಾಗಿದ್ದಳು. ನ್ಯೂಯಾರ್ಕ್ ಕಡೆಯ ಕ್ಲಾವೆರಾಕ್‌ನಲ್ಲಿ, ಆಶ್ಲಿಯ ಹೆಂಡತಿ ಹ್ಯಾನಾಳ ತವರಿನಲ್ಲಿ ಹುಟ್ಟಿದವಳು. ಸಮಾನತೆಯ ಮಾತು ನಡೆಯುವಾಗ ಒಳಗೆ ಬಂದು ಬಡಿಸುವುದು, ಎಂಜಲು ತೆಗೆಯುವುದು ಇಂಥವರದೇ ಕೆಲಸ ತಾನೇ? ಮಾತನಾಡಿದವರಿಗೆ ಆಕೆ ಕಾಣಿಸಲಿಲ್ಲ. ಆಕೆಗೆ ಮಾತು ಕೇಳಿಸಿತು.

ಗೈಡ್ ನಮ್ಮನ್ನು ಅಡುಗೆಮನೆಗೆ ಕರೆದೊಯ್ದರು. ದೊಡ್ಡ ಒಲೆ. ಒಲೆಯ ಬೂದಿ ತೆಗೆಯುವ ಕಬ್ಬಿಣದ ಸಲಿಕೆ. ಒಂದು ದಿನ ಹ್ಯಾನಾ ಸಿಟ್ಟಿನಲ್ಲಿ ಕಾದ ಸಲಿಕೆ ಎತ್ತಿ ಲಿಜ್ಜಿ ಎಂಬ ಹುಡುಗಿಯ ಮೇಲೆ ಬೀಸಿದಳು. ಬೆಟ್ ತನ್ನ ತೋಳು ಅಡ್ಡ ಕೊಟ್ಟಳು. ಗಾಯ ಮೂಳೆಗೆ ಇಳಿಯಿತು. ಆ ಗುರುತನ್ನು ಆಕೆ ಬಟ್ಟೆಯಿಂದ ಮುಚ್ಚಲಿಲ್ಲ. ಇದೇನು ಅಂತ ಯಾರಾದರೂ ಕೇಳಿದರೆ, ಅಮ್ಮನವರನ್ನೇ ಕೇಳಿ ಅನ್ನುತ್ತಿದ್ದಳಂತೆ. ನನ್ನ ವೃತ್ತಿಯಲ್ಲಿ ಹೊಡೆತ ತಿಂದ ಹೆಂಗಸರನ್ನು ಬೇಕಾದಷ್ಟು ಕಂಡಿದ್ದೇನೆ. ಸೆರಗು ಎಳೆದುಕೊಂಡು, ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುವವರೇ ಎಲ್ಲ. ಗಾಯವನ್ನೇ ಸಾಕ್ಷಿ ಮಾಡಿಕೊಂಡವಳ ಬಗ್ಗೆ ಕೇಳಿದ್ದು ಇದೇ ಮೊದಲು.

1780ರಲ್ಲಿ ಮ್ಯಾಸಚೂಸೆಟ್ಸ್‌ಗೆ ಹೊಸ ಸಂವಿಧಾನ ಬಂತು. ಬರೆದವನು ಜಾನ್ ಆಡಮ್ಸ್. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಅದರ ಮೊದಲ ವಿಧಿಯೇ ಹೇಳಿತು. ಬೆಟ್ ನೇರವಾಗಿ ಸೆಡ್ಜ್‌ವಿಕ್ ಹತ್ತಿರ ಹೋದಳು. ಆ ಕಾನೂನಿನಲ್ಲಿ ನನಗೆ ಸ್ವಾತಂತ್ರ್ಯ ಇಲ್ಲವಾ ಎಂದು ಕೇಳಿದಳು. ಸೆಡ್ಜ್‌ವಿಕ್ ಆಶ್ಲಿಯ ಸ್ನೇಹಿತ, ಅದೇ ಮಹಡಿಯಲ್ಲಿ ಕೂತು ನಿರ್ಣಯ ಬರೆದವನು. ಆದರೂ ವಕಾಲತ್ತು ಹಿಡಿದ. ಸಣ್ಣ ಊರಿನಲ್ಲಿ ವಕೀಲಿಕೆ ಮಾಡಿದವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ನಾಳೆ ಅದೇ ಜಡ್ಜ್ ಮುಂದೆ ನಿಲ್ಲಬೇಕು, ಅದೇ ಊಟದ ಮನೆಯಲ್ಲಿ ಪಕ್ಕದಲ್ಲಿ ಕೂರಬೇಕು.

ಇನ್ನು ದಾವೆಯ ಚಂದ ನೋಡಿ. ನಾವಾದರೆ ಹೇಬಿಯಸ್ ಕಾರ್ಪಸ್ ಹಾಕುತ್ತಿದ್ದೆವು, ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸುವ ರಿಟ್. ಆತ ಹಾಕಿಸಿದ್ದು ರೆಪ್ಲೆವಿನ್. ಯಾರಾದರೂ ನಿಮ್ಮ ದನ ಹಿಡಿದು ಕಟ್ಟಿಕೊಂಡರೆ, ವಾಪಸು ಕೊಡಿಸಿ ಎಂದು ಹಾಕುವ ದಾವೆ ಅದು. ಇವರು ಸ್ವತ್ತಲ್ಲ ಎಂದು ಸಾಧಿಸುವುದಕ್ಕೆ ಸ್ವತ್ತಿನ ದಾವೆ! ಬ್ರಾಮ್ ಎಂಬ ಇನ್ನೊಬ್ಬ ಗುಲಾಮನೂ ವಾದಿಯಾಗಿ ಸೇರಿದ. 1781ರ ಮೇ ತಿಂಗಳಲ್ಲಿ ಇಬ್ಬರನ್ನೂ ಬಿಡಿ ಎಂದು ಶೆರಿಫ್ ಆದೇಶ ಹಿಡಿದು ಬಂದ. ಇವರು ಬದುಕಿರುವವರೆಗೂ ನನ್ನ ಆಳುಗಳು ಎಂದು ಆಶ್ಲಿ ಬಿಡಲೊಪ್ಪಲಿಲ್ಲ. ಹಾಗೆ ಕೇಸು ಜ್ಯೂರಿ ಮುಂದೆ ಹೋಯಿತು.

ಆಶ್ಲಿ ಮನೆಯಿಂದ ಶೆಫೀಲ್ಡ್ ಪೇಟೆಗೆ ಹತ್ತು ನಿಮಿಷ. ಹಳೇ ಚರ್ಚಿನ ಹತ್ತಿರ ಬೆಟ್‌ಳ ಕಂಚಿನ ಪ್ರತಿಮೆ ಇದೆ. 2022ರ ಆಗಸ್ಟ್‌ನಲ್ಲಿ ನಿಲ್ಲಿಸಿದ್ದು. ಪ್ರತಿಮೆಯ ಮುಂದಿನ ಬೆಂಚಿನಲ್ಲೇ ಕೂತು ಡಬ್ಬಿಯ ಪುಳಿಯೋಗರೆ ತಿಂದೆವು. ಅಲ್ಲಿ ಊಟದ ಹೋಟೆಲಿಗೆ ಮೂರು ಗಂಟೆಗೆ ಹೋದರೆ ಅಡುಗೆ ಮುಗಿದಿದೆ ಅಂತಾರೆ, ಗೊತ್ತಿರಲಿ.

ಸಂಜೆ ಎಗ್ರೆಮಾಂಟ್ ಕಡೆಯ ರಸ್ತೆಯಲ್ಲಿ ಇನ್ನೊಂದು ಕಲ್ಲು ನೋಡಿದೆವು. ಶೇಸ್ ದಂಗೆಯ ಕೊನೆಯ ಕಾಳಗ, 1787ರ ಫೆಬ್ರವರಿ 27. ಸ್ವಾತಂತ್ರ್ಯ ಯುದ್ಧದಿಂದ ಬರಿಗೈಲಿ ಬಂದ ರೈತರಿಗೆ ಸರ್ಕಾರ ಬೆಳ್ಳಿ ನಾಣ್ಯದಲ್ಲೇ ತೆರಿಗೆ ಕಟ್ಟಿ ಅಂದಿತು. ಸಾಲಗಾರರ ಮನೆ, ದನ ಜಪ್ತಿಯಾಗತೊಡಗಿದವು. ರೈತರು ಕೋರ್ಟುಗಳನ್ನೇ ಮುಚ್ಚಿಸಲು ಹೊರಟರು. ಅವರ ಸಿಟ್ಟೆಲ್ಲ ವಕೀಲರ ಮೇಲೆ, ಅದರಲ್ಲೂ ಸೆಡ್ಜ್‌ವಿಕ್ ಮೇಲೆ. ಸುಮ್ನೆ ಸಿಟ್ಟಲ್ಲ ಅದು. ಜಪ್ತಿ ದಾವೆಗಳಿಂದ ಯಾರ ಹೊಟ್ಟೆ ತುಂಬುತ್ತದೆ ಅಂತ ನಮ್ಮ ರೈತರಿಗೂ ಗೊತ್ತಿದೆ. ಅದೇ ದಿನ ಬೆಳಗಿನ ಜಾವ ದಂಗೆಕೋರರು ಸ್ಟಾಕ್‌ಬ್ರಿಡ್ಜ್‌ನಲ್ಲಿ ಆತನ ಮನೆಗೆ ನುಗ್ಗಿದ್ದರು. ಯಜಮಾನ ಊರಲ್ಲಿರಲಿಲ್ಲ. ಅವರನ್ನು ಎದುರಿಸಿದ್ದು ಬೆಟ್. ಆ ಕಥೆ ಮರುದಿನಕ್ಕೆ.

ಮೂರನೆಯ ದಿನ: ಗ್ರೇಟ್ ಬ್ಯಾರಿಂಗ್ಟನ್, ಸ್ಟಾಕ್‌ಬ್ರಿಡ್ಜ್

ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ ನೋಡಲು ಏನೂ ಉಳಿದಿಲ್ಲ, ಕೇಳಲು ಉಂಟು. 1781ರ ಆಗಸ್ಟ್‌ನಲ್ಲಿ ಬ್ರಾಮ್ ಮತ್ತು ಬೆಟ್ ಕೇಸು ನಡೆದದ್ದು ಇಲ್ಲಿ. ಆ ಕಟ್ಟಡ ಈಗಿಲ್ಲ. ಇವರಿಬ್ಬರೂ ಗುಲಾಮರಲ್ಲ ಎಂದು ಜ್ಯೂರಿ ಹೇಳಿತು. ಆಶ್ಲಿ 30 ಶಿಲಿಂಗ್ ನಷ್ಟ ಪರಿಹಾರ ಕೊಡಬೇಕು, ಜೊತೆಗೆ ಕೋರ್ಟು ಖರ್ಚು 5 ಪೌಂಡ್ 14 ಶಿಲಿಂಗ್ 4 ಪೆನ್ಸ್. ಪರಿಹಾರದ ಮೂರು ಪಟ್ಟಿಗಿಂತ ಹೆಚ್ಚು ಖರ್ಚು! ಎಲ್ಲ ಕಾಲಕ್ಕೂ ಕೋರ್ಟು ಕೋರ್ಟೇ. ಆಶ್ಲಿ ಅಪೀಲು ಹಾಕಿ ಆಮೇಲೆ ಕೈಬಿಟ್ಟ. ಅದೇ ಹೊತ್ತಿಗೆ ಕ್ವಾಕ್ ವಾಕರ್ ಎಂಬ ಇನ್ನೊಬ್ಬ ಗುಲಾಮನ ಕೇಸೂ ನಡೆಯುತ್ತಿತ್ತು. 1783ರಲ್ಲಿ ಮುಖ್ಯ ನ್ಯಾಯಾಧೀಶ ಕುಶಿಂಗ್ ಅದರಲ್ಲಿ, ಗುಲಾಮಗಿರಿಗೂ ಈ ಸಂವಿಧಾನಕ್ಕೂ ಹೊಂದುವುದಿಲ್ಲ ಎಂದು ಜ್ಯೂರಿಗೆ ಹೇಳಿದ. 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸ್‌ನ ಗುಲಾಮರ ಲೆಕ್ಕ ಸೊನ್ನೆ.

ಗೆದ್ದ ಮೇಲೆ ಬೆಟ್ ತಾನೇ ಹೆಸರಿಟ್ಟುಕೊಂಡಳು, ಎಲಿಜಬೆತ್ ಫ್ರೀಮನ್. ಆಶ್ಲಿ ಸಂಬಳ ಕೊಡುತ್ತೇನೆ, ಬಾ ಎಂದು ಕರೆದ. ಆಕೆ ಹೋಗಲಿಲ್ಲ. ಸಂಬಳಕ್ಕೆ ಸೆಡ್ಜ್‌ವಿಕ್ ಮನೆ ಸೇರಿದಳು. ಮಕ್ಕಳ ಬಾಯಲ್ಲಿ ಮಮ್‌ಬೆಟ್ ಆದಳು.

ಇದೇ ಗ್ರೇಟ್ ಬ್ಯಾರಿಂಗ್ಟನ್, ಕರಿಯರ ಹಕ್ಕುಗಳಿಗಾಗಿ ಹೋರಾಡಿದ ವಿದ್ವಾಂಸ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಹುಟ್ಟಿದ ಊರು ಕೂಡ, 1868ರಲ್ಲಿ. ನಮ್ಮ ಅಂಬೇಡ್ಕರ್ 1946ರಲ್ಲಿ ಕಾಗದ ಬರೆದದ್ದು ಇದೇ ಡು ಬಾಯ್ಸ್‌ಗೆ, ಕರಿಯರು ವಿಶ್ವಸಂಸ್ಥೆಗೆ ಕೊಡುವ ಅರ್ಜಿಯ ಪ್ರತಿ ಬೇಕು ಎಂದು. ಮಗಳಿಗೆ ಇದು ಗೊತ್ತಿರಲಿಲ್ಲ. ನನಗೂ ಹೇಳುವುದಕ್ಕೆ ಒಂದು ನೆಪ ಬೇಕಿತ್ತು.

ಮಧ್ಯಾಹ್ನಕ್ಕೆ ಸ್ಟಾಕ್‌ಬ್ರಿಡ್ಜ್. ರೆಡ್ ಲಯನ್ ಇನ್‌ನ ಉದ್ದ ಜಗಲಿಯಲ್ಲಿ ತೂಗು ಕುರ್ಚಿಗಳು, ಪ್ರವಾಸಿಗರ ಗದ್ದಲ. ಈ ಊರು ಮೊದಲು ಮೂಲನಿವಾಸಿಗಳಾದ ಮೊಹಿಕನ್ ಜನರದು. 1739ರಲ್ಲಿ ಅವರಿಗಾಗಿಯೇ ಮಾಡಿದ ಮಿಷನ್ ಊರು. ನಿಧಾನಕ್ಕೆ ಜಮೀನು ಕೈಬಿಟ್ಟು ಹೋಗಿ, 1780ರ ದಶಕದಲ್ಲಿ ಅವರು ನ್ಯೂಯಾರ್ಕ್ ಕಡೆಗೆ, ಆಮೇಲೆ ವಿಸ್ಕಾನ್ಸಿನ್‌ಗೆ ಹೋಗಬೇಕಾಯಿತು. ಪಾದ್ರಿ ಜಾನ್ ಸಾರ್ಜೆಂಟ್ ಕಟ್ಟಿಸಿದ ಮಿಷನ್ ಹೌಸ್ ಈಗ ಮೇನ್ ಸ್ಟ್ರೀಟಿನಲ್ಲಿದೆ. ಆತನ ವಿಧವೆ ಅಬಿಗೈಲ್ ಮುಂದೆ ಜನರಲ್ ಡ್ವೈಟ್‌ನನ್ನು ಮದುವೆಯಾದಳು. ಅವರ ಮಗಳು ಪಮೇಲ, ಸೆಡ್ಜ್‌ವಿಕ್‌ನ ಎರಡನೆಯ ಹೆಂಡತಿ.

ಮೊದಲನೆಯವಳು ಎಲೈಜ ಮೇಸನ್. ಸೆಡ್ಜ್‌ವಿಕ್‌ಗೆ ಸಿಡುಬು ಬಂತು. ಗುಣವಾಗಿ ಮನೆಗೆ ಬಂದವನಿಂದ ಬಸುರಿ ಹೆಂಡತಿಗೆ ಅಂಟಿತು. 1771ರಲ್ಲಿ ಆಕೆ ಹೋದಳು.

ಪಮೇಲಳನ್ನು ಮದುವೆಯಾದದ್ದು 1774ರಲ್ಲಿ. ಹತ್ತು ಹೆರಿಗೆ, ಉಳಿದದ್ದು ಏಳು ಮಕ್ಕಳು. 1785ರಲ್ಲಿ ಮೇನ್ ಸ್ಟ್ರೀಟಿನಲ್ಲಿ ದೊಡ್ಡ ಮನೆ ಕಟ್ಟಿಸಿದ. ಅದು ಇಂದಿಗೂ ವಂಶಸ್ಥರದೇ, ಒಳಗೆ ಹೋಗುವಂತಿಲ್ಲ. ರಸ್ತೆಯಿಂದಲೇ ನೋಡಿದೆವು. ಆ ಮನೆಯಲ್ಲಿ ಯಜಮಾನ ಇದ್ದದ್ದೇ ಕಡಿಮೆ. ಕಾಂಗ್ರೆಸ್ ನ್ಯೂಯಾರ್ಕ್‌ನಲ್ಲಿ, ಆಮೇಲೆ ಫಿಲಡೆಲ್ಫಿಯದಲ್ಲಿ. ಹಿಮದ ತಿಂಗಳುಗಳಲ್ಲಿ ಪಮೇಲ ಮಕ್ಕಳ ಜೊತೆ ಇಲ್ಲಿ. ಯಾವಾಗ ಬರುತ್ತೀರಿ ಎಂಬ ಹಂಬಲದ ಕಾಗದಗಳು ಈಗಲೂ ಉಳಿದಿವೆ. ಮನಸ್ಸಿನ ಕಾಯಿಲೆ ಮತ್ತೆ ಮತ್ತೆ ಬಂತು. 1807ರಲ್ಲಿ ಅವಳು ತೀರಿಕೊಂಡಳು. ಮುಂದಿನ ವರ್ಷವೇ ಆತ ಮೂರನೆಯ ಮದುವೆಯಾದ. ಮಕ್ಕಳಿಗೆ ಅದು ಹಿಡಿಸಲಿಲ್ಲ. ಇತಿಹಾಸದ ಪುಸ್ತಕಗಳು ಸೆಡ್ಜ್‌ವಿಕ್ ಯಾವ ಮಸೂದೆಗೆ ಏನು ಹೇಳಿದ ಎಂದು ಪುಟಗಟ್ಟಲೆ ಬರೆಯುತ್ತವೆ. ಮನೆ ನಡೆಸಿದ ಖರ್ಚು ಯಾರ ಖಾತೆಯಲ್ಲಿ ಬಿತ್ತು ಎಂದು ಬರೆಯುವುದಿಲ್ಲ.

ಪಮೇಲಳ ಮನಸ್ಸು ಕದಡಿದಾಗ ಅವಳನ್ನು ಸಮಾಧಾನ ಮಾಡಲು ಆಗುತ್ತಿದ್ದದ್ದು ಮಮ್‌ಬೆಟ್ ಒಬ್ಬಳಿಗೇ. ಇದನ್ನು ಬರೆದಿಟ್ಟವಳು ಮಗಳು ಕ್ಯಾಥರಿನ್ ಮರಿಯ. ಆಕೆ ಆ ಕಾಲದ ಹೆಸರಾಂತ ಕಾದಂಬರಿಕಾರ್ತಿ, ಮದುವೆಯಾಗಲಿಲ್ಲ. ದಂಗೆಯ ರಾತ್ರಿಯ ಕಥೆಯೂ ಆಕೆಯಿಂದಲೇ ಬಂದದ್ದು. ದಂಗೆಕೋರರು ಬಾಗಿಲು ಬಡಿದಾಗ ಮನೆಯ ಬೆಳ್ಳಿ ಸಾಮಾನನ್ನೆಲ್ಲ ಮಮ್‌ಬೆಟ್ ತನ್ನ ಪೆಟ್ಟಿಗೆಗೆ ತುಂಬಿದಳು. ಒಲೆಯ ಸಲಿಕೆ ಹಿಡಿದು ಅವರ ಜೊತೆ ಕೋಣೆ ಕೋಣೆಗೂ ನಡೆದಳು. ಹೌದು, ಈಗ ಸಲಿಕೆ ಆಕೆಯ ಕೈಯಲ್ಲಿ. ಕೊನೆಗೆ ತನ್ನ ಪೆಟ್ಟಿಗೆಯ ಮುಂದೆ ನಿಂತು, ಕರಿಯ ಆಳಿನ ಪೆಟ್ಟಿಗೆ ಕೆದಕುವಷ್ಟು ಕೆಳಗಿಳಿದಿರಾ ಎಂದು ಹಂಗಿಸಿದಳು. ಅವರು ನಾಚಿಕೊಂಡು ಬಿಟ್ಟು ಹೋದರು.

ಸಂಜೆ ಸ್ಮಶಾನ. ಸೆಡ್ಜ್‌ವಿಕ್ ಪೈ ಅಂತ ಊರಿನವರು ಕರೆಯುವ ಜಾಗ ಒಂದು ಮೂಲೆಯಲ್ಲಿದೆ. ನಡುವೆ ಥಿಯೋಡೋರ್ ಮತ್ತು ಪಮೇಲ. ಸುತ್ತ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸುತ್ತು ಸುತ್ತಾಗಿ, ಕಾಲು ನಡುವಿನ ಕಡೆ, ತಲೆ ಹೊರಗೆ. ಕಡೆಯ ತೀರ್ಪಿನ ದಿನ ಎದ್ದು ಕೂತಾಗ ಸೆಡ್ಜ್‌ವಿಕ್‌ಗಳಿಗೆ ಸೆಡ್ಜ್‌ವಿಕ್‌ಗಳು ಮಾತ್ರ ಕಾಣಲಿ ಅಂತ ಹೀಗೆ, ಎಂದು ಊರಿನ ತಮಾಷೆ. ಇಲ್ಲಿನ ಜೀರುಂಡೆಗಳೂ ಸೆಡ್ಜ್‌ವಿಕ್, ಸೆಡ್ಜ್‌ವಿಕ್ ಅಂತಲೇ ಕೂಗುತ್ತವೆ ಅಂತಾರೆ. ನಮಗೆ ಲಾನ್ ಕತ್ತರಿಸುವ ಯಂತ್ರ ಮಾತ್ರ ಕೇಳಿಸಿತು.

ಆ ಒಳಸುತ್ತಿನಲ್ಲಿ ಮಮ್‌ಬೆಟ್‌ಳ ಕಲ್ಲೂ ಇದೆ. ತೀರಿದ್ದು 1829ರ ಡಿಸೆಂಬರ್ 28, ವಯಸ್ಸು 85 ಇರಬಹುದು ಎಂದು ಕೆತ್ತಿದ್ದಾರೆ. ಬರೆದವನು ಕಿರಿಯ ಮಗ ಚಾರ್ಲ್ಸ್. ಓದು ಬರಹ ಬಾರದಿದ್ದರೂ ತನ್ನ ವಲಯದಲ್ಲಿ ಆಕೆಗೆ ಸಮನಾದವರಿರಲಿಲ್ಲ ಎನ್ನುತ್ತದೆ. ಕೊನೆಯಲ್ಲಿ 'ಒಳ್ಳೆಯ ತಾಯಿ, ಹೋಗಿ ಬಾ' ಎಂಬಂಥ ಮಾತು. ಮಗಳು ಓದಿ ಕಣ್ಣೊರೆಸಿಕೊಂಡಳು. ನನಗೆ ಅಷ್ಟು ಸುಲಭವಾಗಲಿಲ್ಲ. ಆಕೆಗೂ ಸ್ವಂತ ಮಗಳಿದ್ದಳು, ಬೆಟ್ಸಿ. ದುಡಿದ ದುಡ್ಡಿನಲ್ಲಿ ಕೊಂಡ ಸ್ವಂತ ಮನೆ, ಜಮೀನು ಇತ್ತು. ಕಲ್ಲಿನ ಮೇಲೆ ಅದ್ಯಾವುದೂ ಇಲ್ಲ. ನಮ್ಮ ಮನೆಗೆ ಎಷ್ಟು ನಿಯತ್ತಾಗಿದ್ದಳು ಅನ್ನುವುದೇ ಹೆಚ್ಚು. ಕೋರ್ಟಿಗೆ ಹೋಗಿ ಗೆದ್ದಳು ಅನ್ನುವ ಒಂದು ಸಾಲೂ ಇಲ್ಲ! ಪ್ರೀತಿ ಇತ್ತು, ಸಂಶಯವಿಲ್ಲ. ಆದರೆ ಪ್ರೀತಿಸಿದವರು ಬರೆದ ದಾಖಲೆಯನ್ನೂ ಪಾಟೀಸವಾಲು ಮಾಡಿಯೇ ಓದಬೇಕು.

ಸೆಡ್ಜ್‌ವಿಕ್‌ನನ್ನೂ ಹಾಗೇ. 1777ರಲ್ಲಿ ಟಾನ್ ಎಂಬ ಕರಿಯ ಹೆಂಗಸನ್ನು ಆತನೇ ಕೊಂಡ ಕ್ರಯಪತ್ರ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ನಿರ್ಣಯ ಬರೆದು ನಾಲ್ಕು ವರ್ಷಕ್ಕೆ ಕ್ರಯಪತ್ರ, ಇನ್ನು ನಾಲ್ಕು ವರ್ಷಕ್ಕೆ ಬೆಟ್‌ಳ ಕೇಸು. ಆತನ ತತ್ವ ಬದಲಾಯಿತೋ, ಎದುರಿಗೆ ಬಂದು ನಿಂತವಳು ಅಂಥವಳಾಗಿದ್ದಳೋ? ನನ್ನ ಅನುಭವದಲ್ಲಿ ವಕೀಲರನ್ನು ದೊಡ್ಡವರು ಮಾಡುವುದು ಕಕ್ಷಿದಾರರೇ.

ನಾಲ್ಕನೆಯ ದಿನ: ಲೆನಾಕ್ಸ್, ವಾಪಸು

ಮಳೆ. ಲೆನಾಕ್ಸ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಚಾರ್ಲ್ಸ್ ಇಲ್ಲಿ ಕೋರ್ಟು ಕ್ಲರ್ಕ್ ಆಗಿದ್ದ, ಅವನ ಹೆಂಡತಿ ಎಲಿಜಬೆತ್ ಹುಡುಗಿಯರ ಶಾಲೆ ನಡೆಸಿದಳು. ನಾಲ್ವರು ಗಂಡುಮಕ್ಕಳೂ ಒಂದಲ್ಲ ಒಂದು ರೀತಿ ಕೋರ್ಟಿನ ಅನ್ನ ತಿಂದವರು. ಹಿರಿಯ ಮಗ ಎರಡನೆಯ ಥಿಯೋಡೋರ್‌ನ ಹೆಂಡತಿ ಸೂಸನ್ ರಿಡ್ಲಿ 1811ರಲ್ಲಿ ಆನೆದಂತದ ಮೇಲೆ ಮಮ್‌ಬೆಟ್‌ಳ ಪುಟ್ಟ ಚಿತ್ರ ಬರೆದಳು. ನೀಲಿ ಉಡುಪು, ಬಿಳಿ ಟೊಪ್ಪಿ, ಕೊರಳಲ್ಲಿ ಚಿನ್ನದ ಮಣಿಸರ, ದಿಟ್ಟ ನೋಟ. ಆಕೆಯ ಮುಖ ನಮಗೆ ಗೊತ್ತಿರುವುದು ಆ ಒಂದೇ ಚಿತ್ರದಿಂದ. ಅದೇ ವರ್ಷ ಸೂಸನ್‌ಗೆ ಒಬ್ಬ ಮಗ ಹುಟ್ಟಿದ. ಅವನ ಹೆಸರೂ ಥಿಯೋಡೋರ್, ಅವನೂ ವಕೀಲ.

ಕೊನೆಯ ದಿನ: ಹಾರ್ಟ್‌ಫರ್ಡ್

ಈ ಮೂರನೆಯ ಥಿಯೋಡೋರ್‌ಗಾಗಿಯೇ ಹಾರ್ಟ್‌ಫರ್ಡ್ ಪೇಟೆಯ ಓಲ್ಡ್ ಸ್ಟೇಟ್ ಹೌಸ್‌ಗೆ ಹೋದೆವು. 1796ರ ಕಟ್ಟಡ, ಈಗ ಸುತ್ತಲೂ ಬ್ಯಾಂಕು, ವಿಮೆ ಕಂಪನಿಗಳ ಗೋಪುರಗಳು. ತಾತ 1813ರ ಜನವರಿಯಲ್ಲಿ ಸತ್ತಾಗ ಇವನಿಗೆ ಎರಡು ವರ್ಷ. 1839ರಲ್ಲಿ ಅಮಿಸ್ಟಾಡ್ ಹಡಗಿನ ಆಫ್ರಿಕನ್ನರ ಪರ ನಿಂತ ವಕೀಲರಲ್ಲಿ ರೋಜರ್ ಬಾಲ್ಡ್‌ವಿನ್, ಸೆತ್ ಸ್ಟೇಪಲ್ಸ್ ಜೊತೆ ಇವನೂ ಒಬ್ಬ. ಕ್ಯೂಬಾ ಹತ್ತಿರ ದಂಗೆ ಎದ್ದು ಹಡಗನ್ನು ವಶಕ್ಕೆ ತೆಗೆದುಕೊಂಡವರನ್ನು ಅಮೆರಿಕ ಹಿಡಿದಿಟ್ಟಿತ್ತು. ಇವರು ನಮ್ಮ ಸ್ವತ್ತು ಅಂದರು ಸ್ಪೇನಿನವರು. ಸೆಪ್ಟೆಂಬರ್‌ನಲ್ಲಿ ಮೊದಲ ವಿಚಾರಣೆ ನಡೆದದ್ದು ಈ ಕಟ್ಟಡದಲ್ಲಿ. ಮೂವರು ಪುಟ್ಟ ಹುಡುಗಿಯರನ್ನಾದರೂ ಬಿಡಿಸೋಣ ಎಂದು ವಕೀಲರು ಹೇಬಿಯಸ್ ಕಾರ್ಪಸ್ ಕೇಳಿದರು. ನ್ಯಾಯಮೂರ್ತಿ ಥಾಂಪ್ಸನ್ ಬಿಡಲಿಲ್ಲ. ತಾತ ದನದ ದಾವೆಯಲ್ಲಿ ಗೆದ್ದ. ಮೊಮ್ಮಗನ ಕಡೆಯವರು ಸರಿಯಾದ ರಿಟ್ ಹಾಕಿಯೂ ಆ ದಿನ ಸೋತರು. ಬಿಡುಗಡೆ ಸಿಕ್ಕಿದ್ದು 1841ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ಅಲ್ಲಿ ವಾದ ಮಾಡಿದವರಲ್ಲಿ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಇದ್ದ. ಆ 1780ರ ಸಂವಿಧಾನ ಬರೆದ ಆಡಮ್ಸ್‌ನ ಮಗ.

ಬದುಕುಳಿದವರು ಅದೇ ವರ್ಷ ಸಿಯೆರಾ ಲಿಯೋನ್‌ಗೆ ಹಡಗು ಹತ್ತಿದರು. ಆ ಮೂವರು ಹುಡುಗಿಯರಲ್ಲಿ ಒಬ್ಬಳು, ಮಾರ್ಗ್ರು, ಕೆಲವು ವರ್ಷಗಳ ಮೇಲೆ ಮತ್ತೆ ಬಂದು ಓಹಾಯೋದ ಓಬರ್ಲಿನ್‌ನಲ್ಲಿ ಓದಿದಳು. ಮಗಳು ತಕ್ಷಣ ಫೋನ್ ತೆಗೆದು ಓಬರ್ಲಿನ್ ಎಷ್ಟು ದೂರ ಅಂತ ನೋಡಿದಳು. ಕಾರಿನಲ್ಲಿ ಒಂಬತ್ತು ಗಂಟೆಯಂತೆ. ಮುಂದಿನ ಸಲ ನೋಡೋಣ, ನನ್ನ ಮಂಡಿ ಒಪ್ಪಿದರೆ ಅಂದೆ.